ಕಪ್ತಾನ ಹೋಲ್ಟನ ಗೆರೆ ಬಾಗಿದ್ದೇಕೆ

ರಾಕ್‌ವಿಲ್ಲಿನ ಲಸಿಕೆ ಕಂಪನಿಯೊಂದರಲ್ಲಿ ಪುಂಡಲೀಕರು ನಿವೃತ್ತಿಯವರೆಗೂ ಮಾಡಿದ ಕೆಲಸ ಒಂದೇ: ಬೇರೆಯವರು ಹೇಳಿದ್ದನ್ನು ನಂಬದಿರುವುದು. ಯಾರು ಯಾವ ಸೀಸೆಯನ್ನು ಯಾವ ಫ್ರಿಜ್ಜಿನಲ್ಲಿಟ್ಟರು, ಅದಕ್ಕೆ ಸಹಿ ಎಲ್ಲಿ, ಸಹಿಗೆ ಸಾಕ್ಷಿ ಯಾರು ಎಂದು ಕೇಳುವುದು. ಬರೆದಿಡದ ಸಂಗತಿ ನಡೆದೇ ಇಲ್ಲ ಎಂಬುದು ಆ ವೃತ್ತಿಯ ಮೂಲಮಂತ್ರ. ಮೀಟಿಂಗುಗಳಲ್ಲಿ ಅವರ ಸರದಿ ಕೊನೆಗೆ ಬರುತ್ತಿತ್ತು. ಅಷ್ಟರಲ್ಲಿ ಉಳಿದವರು ಲ್ಯಾಪ್‌ಟಾಪು ಮುಚ್ಚಿ, ಮುಖವನ್ನು ಇತ್ತ ಇಟ್ಟುಕೊಂಡು ಕಾಲನ್ನು ಬಾಗಿಲ ಕಡೆ ತಿರುಗಿಸಿರುತ್ತಿದ್ದರು. ಹೀಗಾಗಿ ಅಮೆರಿಕಕ್ಕೆ ಬಂದ ಮೇಲೆ ಅವರು ಒಂದು ವಾಕ್ಯವನ್ನು ಪೂರ್ಣವಿರಾಮದವರೆಗೂ ಮುಟ್ಟಿಸಿದ್ದು ಅಪರೂಪ.

ಆ ಕೊರತೆಯನ್ನು ತಿಂಗಳಿಗೊಂದು ತಾಳಮದ್ದಳೆ ತುಂಬಿಕೊಡುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಯಕ್ಷಗಾನ. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸಿದರೆ ಎದುರುಬದುರು ಕುಳಿತ ಅರ್ಥಧಾರಿಗಳು ಆ ಪಾತ್ರವಾಗಿ ಮಾತಾಡಬೇಕು. ಮಾತು ಬರೆದುಕೊಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಎದುರಿನವನು ಮುಗಿಸುವವರೆಗೆ ಬಾಯಿ ಹಾಕುವಂತಿಲ್ಲ. ಪುಂಡಲೀಕರ ಪಾಲಿಗೆ ಈ ಕೊನೆಯ ನಿಯಮವೇ ಕಲೆಯ ತಿರುಳಾಗಿತ್ತು.

ಅವರ ತಂಡವೂ ದೊಡ್ಡದೇನಲ್ಲ. ಭಾಗವತಿಕೆ ಹೆಂಡತಿ ಜಯಂತಿಯದು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಛಂದಸ್ಸಿನ ಮಾತ್ರೆ ಎಣಿಸುವುದರಲ್ಲಿ ಅವಳನ್ನು ಮೀರಿಸಿದವರು ಮೇರಿಲ್ಯಾಂಡಿನಲ್ಲಿ ಇರಲಿಲ್ಲ, ಎಣಿಸುವವರೇ ಬೇರೆ ಇರಲಿಲ್ಲ ಎನ್ನುವುದು ಬೇರೆ ಮಾತು. ಮದ್ದಳೆಗೆ ಮಗ ಅನ್ವಿತ್. ಅವನಿದ್ದದ್ದು ಉತ್ತರ ಕ್ಯಾರೊಲೈನಾದ ಕ್ಯಾರಿಯಲ್ಲಿ, ಬಿಡುವಿದ್ದಾಗ ಬರುತ್ತಿದ್ದ. ಎದುರು ಅರ್ಥಕ್ಕೆ ಡಾಕ್ಟರ್ ವಲೇರಿಯನ್ ರೆಬೆಲ್ಲೊ, ಮೂಡುಬಿದಿರೆಯ ಕಡೆಯವರು, ದಂತವೈದ್ಯರು. ಎದುರಿಗಿದ್ದವರ ಬಾಯಿ ತೆರೆಸಿಟ್ಟು ತಾನೊಬ್ಬನೇ ಮಾತಾಡುವ ಅಭ್ಯಾಸ ಅವರಿಗೆ ವೃತ್ತಿಯಿಂದಲೇ ಬಂದಿತ್ತು. ಭಾನುವಾರ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಪುರಾಣದ ಖಳನಾಯಕ. ಎರಡರಲ್ಲೂ ಅವರಿಗೆ ಸಮಾನ ಶ್ರದ್ಧೆ.

ಕೂಟ ನಡೆಯುತ್ತಿದ್ದುದು ಎಲಿಕಾಟ್ ಸಿಟಿಯಲ್ಲಿ, ಊರಿನ ಇತಿಹಾಸ ಸಂಘದ ಹಳೆಯ ಕಲ್ಲುಕಟ್ಟಡದಲ್ಲಿ. ಬಾಡಿಗೆ ಕಡಿಮೆ. ಷರತ್ತು ಒಂದೇ: ವರ್ಷಕ್ಕೊಮ್ಮೆಯಾದರೂ ಊರಿನ ಇತಿಹಾಸಕ್ಕೆ ಸಂಬಂಧಿಸಿದ ಏನನ್ನಾದರೂ ಆಡಬೇಕು. 2022ರಲ್ಲಿ ಕೋವಿಡ್ಡಿನ ನೆಪ ಹೇಳಿ ತಪ್ಪಿಸಿಕೊಂಡಾಯಿತು. 2023ರಲ್ಲಿ ಸಂಘದ ಅಧ್ಯಕ್ಷೆ ಮಿಸ್ ಹ್ಯಾರಿಯೆಟ್ ಹೋಲ್ಟ್ ತಾವೇ ಒಂದು ತೆಳ್ಳಗಿನ ಪುಸ್ತಿಕೆ ತಂದು ಜಯಂತಿಯ ಕೈಗಿಟ್ಟರು. ಎಂಬತ್ತು ದಾಟಿದ ಹೆಂಗಸು, ಒಂದು ಕಾಲದಲ್ಲಿ ಶಾಲೆಯ ಲೈಬ್ರರಿ ನೋಡಿಕೊಂಡಿದ್ದವರು. ಈಗಲೂ ಯಾರಾದರೂ ಜೋರಾಗಿ ಮಾತಾಡಿದರೆ ಅವರ ಹುಬ್ಬು ತಾನಾಗಿ ಏಳುತ್ತಿತ್ತು.

ಪುಸ್ತಿಕೆಯಲ್ಲಿದ್ದುದು ಅವರ ಪೂರ್ವಜ ಕಪ್ತಾನ ಈಬನೇಜರ್ ಹೋಲ್ಟನ ಚರಿತ್ರೆ. ಅಮೆರಿಕದ ಸ್ವಾತಂತ್ರ್ಯದ ಯುದ್ಧದಲ್ಲಿ ಸೇನೆಯ ಮುಂದೆ ಮುಂದೆ ನಡೆದು ದಾರಿ ಅಳೆದವನು. ಅರವತ್ತಾರು ಅಡಿಯ ಕಬ್ಬಿಣದ ಸರಪಳಿ, ಕೋಲಿನ ಮೇಲೊಂದು ದಿಕ್ಸೂಚಿ, ಹಿಂದೆ ಇಬ್ಬರು ಸರಪಳಿ ಹಿಡಿಯುವವರು. ಅವನ ನಕ್ಷೆಗಳಿಂದ ಗೆದ್ದವರ ಹೆಸರು ರಸ್ತೆಗಳಿಗೆ ಬಂತು. ಅವನಿಗೆ ಕೆಮ್ಮು ಬಂತು. ಯುದ್ಧ ಮುಗಿದ ಮೇಲೆ ಉತ್ತರ ಕ್ಯಾರೊಲೈನಾದ ಎರಡು ಕೌಂಟಿಗಳ ನಡುವೆ ಗಡಿಗೆರೆ ಎಳೆಯುವ ಕೆಲಸ ಸಿಕ್ಕಿತು. ಬಾಣದ ಹಾಗೆ ಹೋದ ಗೆರೆ ವಿಲ್ಲೋ ಫೋರ್ಕ್ ಎಂಬ ಹಳ್ಳಿಯ ಹತ್ತಿರ ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬಿಸಿಕೊಂಡು, ಅರ್ಧ ಮೈಲಿ ಸುತ್ತಿ, ಮತ್ತೆ ನೆಟ್ಟಗಾಯಿತು. ಏಕೆಂದು ಅವನು ಎಲ್ಲಿಯೂ ಬರೆದಿಡಲಿಲ್ಲ. ಕಮಿಷನರು ಕೆಲಸದಿಂದ ತೆಗೆದರು. ಅವನು ಎಲಿಕಾಟ್ ಸಿಟಿಗೆ ಬಂದು, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಸತ್ತ. ಆ ತಿರುವಿಗೆ ಅಲ್ಲಿನ ಜನ ಇಟ್ಟ ಹೆಸರು ‘ಕುಡುಕನ ತಿರುವು’. ಇಂದಿಗೂ ಅದೇ ಹೆಸರು. ಅಲ್ಲೊಂದು ಪೆಟ್ರೋಲ್ ಬಂಕು ಕೂಡ ಆ ಹೆಸರಿನಲ್ಲಿ ಟೀಶರ್ಟು ಮಾರುತ್ತದೆ.

“ಶಾಲೆಯಲ್ಲಿ ನನಗೆ ಹುಡುಗರು ನೆಟ್ಟಗೆ ನಡೆದು ತೋರಿಸು ಅನ್ನುತ್ತಿದ್ದರು,” ಎಂದು ಮಿಸ್ ಹೋಲ್ಟ್ ಪುಸ್ತಿಕೆ ಕೊಡುವಾಗ ಹೇಳಿದ್ದರು. ದೂರಿನಂತೆ ಅಲ್ಲ, ಹವಾಮಾನ ಹೇಳಿದಂತೆ.

ಜಯಂತಿ ಅದನ್ನು ಪ್ರಸಂಗವಾಗಿ ಕಟ್ಟಿದಳು. ಭಾಮಿನಿ ಷಟ್ಪದಿಯಲ್ಲಿ ಸರಪಳಿಯೂ ದಿಕ್ಸೂಚಿಯೂ ಚೆನ್ನಾಗಿಯೇ ಕೂತವು. ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಕೂಟ. ಕನ್ನಡದವರು ಸುಮಾರಾಗಿ ಬಂದಿದ್ದರು, ಸಂಘದ ಅಮೆರಿಕನ್ನರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಮಗಳು ಅಶ್ವಿತಾ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಮಾತು ಬಂದ ಹಾಗೆ ಇಂಗ್ಲಿಷಿಗೆ ತಿರುಗಿಸಿ ಪರದೆಗೆ ಹಾಕುತ್ತಿದ್ದಳು. ಪುಂಡಲೀಕರದು ಕಪ್ತಾನ, ವಲೇರಿಯನ್ನರದು ಕಮಿಷನರು. ಇಬ್ಬರೂ ಪಂಚೆ, ಶಲ್ಯ.

ವಿಚಾರಣೆಯ ಭಾಗ ಬಂತು. ಜಯಂತಿ ಜಾಗಟೆ ಎತ್ತಿಕೊಂಡು ಹಾಡಿದಳು:

ಗೆರೆಯನೆಳೆಯಲು ಬಂದ ಧೀರನೆ
ಸರಳ ರೇಖೆಯ ಬಿಟ್ಟು ಪೋಪುದು
ತರವೆ ಪೇಳೈ ನಿನಗೆ ರಾಜ್ಯದ ಹಣವನುಂಡವಗೆ

ಪುಂಡಲೀಕರ ಹತ್ತಿರ ಉತ್ತರ ಸಿದ್ಧವಿತ್ತು. ನೆಲದೊಳಗಿನ ಕಬ್ಬಿಣದ ಅದಿರು ದಿಕ್ಸೂಚಿಯ ಸೂಜಿಯನ್ನು ಎಳೆಯಿತು ಎಂಬ ಊಹೆ ಪುಸ್ತಿಕೆಯಲ್ಲೇ ಇತ್ತು. ಅದನ್ನು ಹಿಡಿದು ಅರ್ಧ ಗಂಟೆ ಎಳೆಯಬಹುದೆಂದು ಅವರು ಅಂದಾಜು ಮಾಡಿದ್ದರು. ಆದರೆ ಪುಸ್ತಿಕೆಯನ್ನು ವಲೇರಿಯನ್ನರೂ ಓದಿದ್ದರು.

“ಎಲೈ ಕಪ್ತಾನ,” ಎಂದು ಅವರು ಶಲ್ಯ ಸರಿಪಡಿಸಿಕೊಂಡರು, “ಯುದ್ಧದಲ್ಲಿ ಸೇನಾಪತಿಗೆ ದಾರಿ ತೋರಿಸಿದವನು ನೀನು. ಕಾಡಿಗೂ ಕಾಗದಕ್ಕೂ ಮದುವೆ ಮಾಡಿಸಿದವನು ನೀನು. ಅಂಥವನಿಗೆ ಎರಡು ಕೌಂಟಿಗಳ ನಡುವೆ ಒಂದು ನೆಟ್ಟಗಿನ ಗೆರೆ ಎಳೆಯುವುದಕ್ಕೆ ಏನು ಕೇಡು ಬಂತು? ಸೂಜಿಯನ್ನು ಅದಿರು ಎಳೆಯಿತು ಎಂದು ಮಾತ್ರ ಹೇಳಬೇಡ. ನಾನು ಕಮ್ಮಾರನನ್ನು ಕಳಿಸಿ ನೆಲ ಅಗೆಸಿದ್ದೇನೆ. ಅಲ್ಲಿ ಸಿಕ್ಕ ಕಬ್ಬಿಣ ಒಂದು ಕತ್ತೆಯ ಲಾಳಕ್ಕೂ ಸಾಲದು. ಅದಲ್ಲದೆ ಬೇರೆ ಉತ್ತರ ಇದ್ದರೆ ಹೇಳು. ಇಲ್ಲವಾದರೆ ನಿನ್ನ ಬಾಯಿ ತೆರೆ, ವಾಸನೆಯೇ ಹೇಳುತ್ತದೆ.”

ಸಭೆ ನಕ್ಕಿತು. ಪುಂಡಲೀಕರ ಅರ್ಧ ಗಂಟೆ ಕೈಬಿಟ್ಟು ಹೋಯಿತು. ಇಂಥ ಹೊತ್ತಿನಲ್ಲಿ ಅರ್ಥಧಾರಿಗೆ ಇರುವುದು ಒಂದು ಲೋಟ ನೀರು ಕುಡಿಯುವಷ್ಟು ಸಮಯ. ಅವರು ನೀರು ಕುಡಿದರು. ಲೋಟ ಕೆಳಗಿಟ್ಟಾಗ ಮಾತು ಬಂದಿತ್ತು. ಎಲ್ಲಿಂದ ಎಂದು ಆಗ ಅವರಿಗೂ ಗೊತ್ತಿರಲಿಲ್ಲ.

“ಪ್ರಭೂ, ಅಲ್ಲಿ ಒಂದು ಗುಡಿಸಲಿತ್ತು. ನನ್ನ ಗೆರೆ ನೆಟ್ಟಗೆ ಹೋದರೆ ಅದರ ನಡುಮನೆಯನ್ನೇ ಸೀಳುತ್ತಿತ್ತು. ಸೀಳಲಿ ಎಂದುಕೊಂಡೆ, ಸೈನಿಕನಿಗೆ ಗುಡಿಸಲು ಒಂದು ಲೆಕ್ಕವೇ? ಸರಪಳಿ ಹಿಡಿದವನು ಬಾಗಿಲ ಹತ್ತಿರ ಹೋದ. ಆಗ ಒಳಗಿನಿಂದ ಒಂದು ಅಳು ಕೇಳಿಸಿತು. ಆಗತಾನೇ ಹುಟ್ಟಿದ ಮಗುವಿನ ಅಳು. ಪ್ರಭೂ, ನಾನು ತೋಪಿನ ಸದ್ದಿಗೆ ಬಗ್ಗದವನು. ಆದರೆ ಆ ಮನೆಯಲ್ಲಿ ಹತ್ತು ದಿನದ ಅಮೆ, ಹೆರಿಗೆಯ ಸೂತಕ. ಹೊಸ್ತಿಲು ತುಳಿಯುವಂತಿಲ್ಲ. ನನ್ನ ಗೆರೆ ನೆಟ್ಟಗಾದರೆ ಬಾಣಂತಿ ಒಂದು ಕೌಂಟಿಗೆ, ತೊಟ್ಟಿಲು ಇನ್ನೊಂದು ಕೌಂಟಿಗೆ. ಮಗು ಅತ್ತರೆ ತಾಯಿ ಗಡಿ ದಾಟಬೇಕು. ಸರಪಳಿ ಎತ್ತಿರೋ ಎಂದೆ. ಸುತ್ತು ಬಳಸಿ ಹೋದೆ. ಗೆರೆ ಬಾಗಿತು ನಿಜ. ಆ ದಿನ ಬಾಗಬೇಕಾದದ್ದು ಗೆರೆಯೊಂದೇ ಆಗಿರಲಿಲ್ಲ.”

ಜಯಂತಿಯ ಜಾಗಟೆ ಒಂದು ಪೆಟ್ಟು ತಪ್ಪಿತು. ಅದನ್ನು ಗಮನಿಸಿದ್ದು ಮದ್ದಳೆಯ ಅನ್ವಿತ್ ಮಾತ್ರ. ಕಮಿಷನರು ಏನನ್ನೋ ಹೇಳಲು ಹೊರಟು, ಪರದೆಯ ಮೇಲೆ ಅಶ್ವಿತಾಳ ಇಂಗ್ಲಿಷ್ ಸಾಲು ಓದುತ್ತಿದ್ದ ಮಿಸ್ ಹೋಲ್ಟರ ಮುಖ ನೋಡಿ, ಪ್ರಸಂಗದಲ್ಲಿ ಇದ್ದ ಶಿಕ್ಷೆಯನ್ನು ತುಸು ತಗ್ಗಿದ ದನಿಯಲ್ಲಿ ಕೊಟ್ಟು ಮುಗಿಸಿದರು. ಮುಂದಿನ ಸಾಲಿನಲ್ಲಿ ಮಿಸ್ ಹೋಲ್ಟ್ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಮಂಗಳ ಮುಗಿದ ಮೇಲೆ ಅವರು ಬಂದು ಪುಂಡಲೀಕರ ಎರಡೂ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. “ನನಗೆ ಯಾವಾಗಲೂ ಅನ್ನಿಸುತ್ತಿತ್ತು,” ಎಂದರು, “ಏನೋ ಇದ್ದಿರಬೇಕು ಅಂತ.”

ಆ ವಾರ ಪುಂಡಲೀಕರು ನೆಲದಿಂದ ಒಂದು ಗೇಣು ಮೇಲೆ ನಡೆದರು. ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗಲೂ ಅವರ ಮುಖದಲ್ಲಿ ತೊಟ್ಟಿಲಿನ ಸಾಲು ಇತ್ತು. ಇಷ್ಟು ವರ್ಷದಲ್ಲಿ ಈ ದೇಶದವರು ಅವರ ಮಾತು ಕೇಳಿ ಕನ್ನಡಕ ತೆಗೆದದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಮಿಸ್ ಹೋಲ್ಟರ ಈಮೇಲ್ ಬಂತು. ವಿಲ್ಲೋ ಫೋರ್ಕಿನ ತಿರುವಿನಲ್ಲಿ ಕಂಬದ ಮೇಲೊಂದು ಲೋಹದ ಸ್ಮಾರಕ ಫಲಕ ನಿಲ್ಲಿಸಲು ಅವರ ಸಂಘವೂ ಅಲ್ಲಿನ ಸಂಘವೂ ಸೇರಿ ಬಹುಕಾಲದಿಂದ ಯೋಚಿಸಿದ್ದವು. ಏನು ಬರೆಯುವುದೆಂದು ತಿಳಿಯದೆ ನಿಂತಿತ್ತು. ಈಗ ತಿಳಿಯಿತು. ‘ನವಜಾತ ಶಿಶುವನ್ನೂ ತಾಯಿಯನ್ನೂ ಅಗಲಿಸದಿರಲು ಕಪ್ತಾನ ಹೋಲ್ಟ್ ಇಲ್ಲಿ ತನ್ನ ಗೆರೆಯನ್ನು ಬಾಗಿಸಿದನು.’ ಅಕ್ಟೋಬರಿನಲ್ಲಿ ಸಮಾರಂಭ. ಅಲ್ಲಿ ಈ ವಾಕ್ಯವನ್ನು ಓದಿ, ಆಮೇಲೆ ಎರಕಕ್ಕೆ ಕಳಿಸುವುದು. ನಿಮ್ಮ ತಂಡ ಬಂದು ಆ ದೃಶ್ಯವನ್ನು ಆಡಬೇಕು.

ಪುಂಡಲೀಕರು ಅದನ್ನು ಎರಡು ಸಲ ಓದಿ, ಫೋನನ್ನು ಊಟದ ಮೇಜಿನ ಮೇಲೆ ಮಗುಚಿ ಇಟ್ಟರು.

“ಎಂತ ಆಯ್ತು?” ಎಂದಳು ಜಯಂತಿ.

“ಅವರು ಅದನ್ನು ನಿಜ ಅಂತ ನಂಬಿದ್ದಾರೆ.”

“ಮತ್ತೆ? ನೀವು ಸುಳ್ಳಿನ ಹಾಗೆ ಹೇಳಿದ್ರಾ? ಕಣ್ಣಲ್ಲಿ ನೀರು ಬರುವ ಹಾಗೆ ಹೇಳಿ ಈಗ ನಂಬಿದ್ರು ಅಂತ ಗಾಬರಿ ಯಾಕೆ? ನನ್ನ ಪದ್ಯದಲ್ಲಿ ಗುಡಿಸಲು ಇಲ್ಲ, ಬಾಣಂತಿ ಇಲ್ಲ. ಅಮೆ ಬೇರೆ. ಕ್ಯಾರೊಲೈನಾದಲ್ಲಿ ಅಮೆ.”

“ಅರ್ಥಧಾರಿಗೆ ಅಷ್ಟು ಸ್ವಾತಂತ್ರ್ಯ ಉಂಟು.”

“ಉಂಟು. ಲೋಹದಲ್ಲಿ ಎರಕ ಹೊಯ್ಯುವಷ್ಟು ಇಲ್ಲ.”

ಅಶ್ವಿತಾ ತಟ್ಟೆಯಿಂದ ತಲೆ ಎತ್ತಿದಳು. “ಪಪ್ಪ, ಜಸ್ಟ್ ಟೆಲ್ ಹರ್. ಐ ಮೇಡ್ ಇಟ್ ಅಪ್ ಅಂತ ಈಮೇಲ್ ಮಾಡು.”

“ಮಾಡ್ತೇನೆ,” ಎಂದರು ಪುಂಡಲೀಕರು. ಮಾಡಿದರು ಕೂಡ, ಆದರೆ ಲಸಿಕೆ ಕಂಪನಿಯ ಇಂಗ್ಲಿಷಿನಲ್ಲಿ. ‘ಸದರಿ ಸಂಗತಿಯು ಲಿಖಿತ ಮೂಲದಿಂದ ಬಂದದ್ದಲ್ಲವಾಗಿ, ನಮ್ಮ ಮೌಖಿಕ ಕಲೆಯ ಪದ್ಧತಿಯಂತೆ ಮೂಡಿದ್ದಾಗಿದ್ದು, ದಯವಿಟ್ಟು ಸೂಕ್ತ ಎಚ್ಚರಿಕೆಯಿಂದ ಸ್ವೀಕರಿಸುವುದು’ ಎಂಬ ಅರ್ಥ ಬರುವ ಐದು ಸಾಲು. ಬರೆದು ಮುಗಿಸಿದಾಗ ಅವರಿಗೆ ತಾನು ನಿಜ ಹೇಳಿದೆ ಎನ್ನುವ ನೆಮ್ಮದಿಯೂ, ಮಿಸ್ ಹೋಲ್ಟರಿಗೆ ಇದು ಅರ್ಥವಾಗದಿದ್ದರೆ ಚೆನ್ನಾಗಿತ್ತು ಎನ್ನುವ ಆಸೆಯೂ ಒಟ್ಟಿಗೇ ಇದ್ದವು.

ಉತ್ತರ ಮಾರನೆಯ ದಿನ ಬಂತು. ಮಿಸ್ ಹೋಲ್ಟ್ ಬಹಳ ಸಂತೋಷಪಟ್ಟಿದ್ದರು. ಲಿಖಿತ ದಾಖಲೆಗಳನ್ನೇ ನಂಬುವ ಹಳೆಯ ಕಾಲ ಹೋಯಿತು; ಮೌಖಿಕ ಪರಂಪರೆಗೆ ತಮ್ಮ ಸಂಘ ಪೂರ್ಣ ಗೌರವ ಕೊಡುತ್ತದೆ; ಇದರ ಬಗ್ಗೆ ಕಳೆದ ವರ್ಷವಷ್ಟೇ ಎಲ್ಲ ಸದಸ್ಯರಿಗೂ ತರಬೇತಿ ಆಗಿದೆ. ಫಲಕದ ಕೆಳಗೆ ‘ಮೌಖಿಕ ಪರಂಪರೆಯ ಆಧಾರದಿಂದ’ ಎಂದು ಸೇರಿಸಲಾಗುವುದು.

ಜಯಂತಿ ಅದನ್ನು ಓದಿ ಕೂತಲ್ಲೇ ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. “ಇನ್ನೂರು ವರ್ಷದ ಹಿಂದೆ ಕ್ಯಾರೊಲೈನಾದಲ್ಲಿ ಮಗು ಅತ್ತದ್ದು ಕುಂದಾಪುರದವರಾದ ನಮಗೆ ಬಾಯಿಂದ ಬಾಯಿಗೆ ಬಂದದ್ದು. ನಿಮ್ಮ ಅಜ್ಜನಿಗೆ ಗೊತ್ತಿದ್ದಿದ್ದರೆ ನನ್ನ ಅಪ್ಪನಿಗೆ ಮದುವೆಗೆ ಮೊದಲೇ ಹೇಳ್ತಿದ್ರು.”

“ನಗ್ಬೇಡ ಮಾರಾಯ್ತಿ.”

“ಫೋನ್ ಮಾಡಿ ಹೇಳಿ.”

“ಹೇಳ್ತೇನೆ.”

ಜೂನ್ ಹೋಯಿತು, ಜುಲೈ ಹೋಯಿತು. ಅವರು ಎರಡು ಸಲ ಫೋನ್ ಕೈಗೆತ್ತಿಕೊಂಡದ್ದು ಜಯಂತಿಗೆ ಗೊತ್ತು. ಎರಡು ಸಲವೂ ಇಟ್ಟದ್ದೂ ಗೊತ್ತು. ಹೇಳಿಬಿಟ್ಟರೆ ಆ ಮುದುಕಿಗೆ ಉಳಿಯುವುದು ಮತ್ತೆ ಕುಡುಕನ ತಿರುವು. ಪುಂಡಲೀಕರಿಗೆ ಉಳಿಯುವುದು ಬೆಂಡೆಕಾಯಿ. ಹೇಳದಿದ್ದರೆ, ಇನ್ನೊಬ್ಬರ ಸಹಿಗೆ ಜೀವಮಾನವಿಡೀ ಸಾಕ್ಷಿ ಕೇಳಿದ ಮನುಷ್ಯನ ಸುಳ್ಳು ಮಳೆಗೆ ತುಕ್ಕು ಹಿಡಿಯದ ಲೋಹದಲ್ಲಿ ರಸ್ತೆಬದಿ ನಿಲ್ಲುತ್ತದೆ.

ಅಕ್ಟೋಬರಿನಲ್ಲಿ ವಲೇರಿಯನ್ನರ ದೊಡ್ಡ ಕಾರಿನಲ್ಲಿ ಹೊರಟರು. ಅಶ್ವಿತಾ ಮುಂದಿನ ಸೀಟಿನಲ್ಲಿ, ಜಾಗಟೆ ಹಿಂದೆ ಜಯಂತಿಯ ಮಡಿಲಲ್ಲಿ, ಶಲ್ಯಗಳು ಹ್ಯಾಂಗರಿನಲ್ಲಿ. ವರ್ಜೀನಿಯ ದಾಟುವವರೆಗೆ ಟ್ರಾಫಿಕ್ಕಿನ ಮಾತೇ ಆಯಿತು. ಆಮೇಲೆ ಮರಗಳ ಬಣ್ಣ ತಿರುಗಿದ ಸೊಬಗಿನ ಬಗ್ಗೆ ಒಬ್ಬೊಬ್ಬರೂ ಒಂದೊಂದು ಸಲ ಹೇಳಿ ಮುಗಿಸಿದರು.

“ಪುಂಡಲೀಕಣ್ಣ,” ಎಂದರು ವಲೇರಿಯನ್, “ನಾಳೆ ನಾನು ಅದೇ ಪ್ರಶ್ನೆ ಕೇಳ್ಲಿಕ್ಕಾ, ಬೇರೆ ಕೇಳ್ಲಿಕ್ಕಾ?”

“ಅದೇ ಕೇಳಿ ಡಾಕ್ಟ್ರೇ. ಪದ್ಯ ಅದೇ ಉಂಟಲ್ಲ.”

“ಉತ್ತರವೂ ಅದೇಯಾ?”

ಪುಂಡಲೀಕರು ಹ್ಯಾಂಗರಿನ ಶಲ್ಯದ ಮಡಿಕೆ ಸರಿಮಾಡಿದರು.

“ಅಲ್ಲ, ಕೇಳಿದ್ದು ಯಾಕಂದ್ರೆ,” ವಲೇರಿಯನ್ ಕನ್ನಡಿಯಲ್ಲಿ ಅವರ ಮುಖ ಹುಡುಕಿದರು, “ಏಪ್ರಿಲಿನಲ್ಲಿ ನನಗೆ ಒಳ್ಳೆ ಉತ್ತರ ಇತ್ತು. ‘ಗುಡಿಸಲಿನವರ ಹೆಸರೇನು ಕಪ್ತಾನ?’ ಅಂತ ಒಂದೇ ಮಾತು ಕೇಳಿದ್ರೆ ನೀವು ಅಲ್ಲೇ ಮಲಗ್ತಿದ್ರಿ. ಆ ಅಜ್ಜಿಯ ಮುಖ ನೋಡಿ ಬಿಟ್ಟೆ. ಹಲ್ಲು ಕೀಳುವವನಿಗೆ ಕರುಣೆ ಇಲ್ಲ ಅಂತ ಯಾರೂ ಹೇಳ್ಬಾರದು.”

“ಬಿಟ್ಟದ್ದೇ ತಪ್ಪಾಯ್ತು.”

“ತಪ್ಪು ಇಬ್ಬರದ್ದೂ. ಒಬ್ಬ ಹೇಳಿದ, ಒಬ್ಬ ಕೇಳಿಕೊಂಡು ಕೂತ.”

ಪುಂಡಲೀಕರ ಪಕ್ಕದಲ್ಲಿ ಕೂತಿದ್ದ ಜಯಂತಿ ಹೇಳಿದಳು: “ಈಮೇಲಿನಲ್ಲಿ ಆಗ್ಲಿಲ್ಲ, ಫೋನಿನಲ್ಲಿ ಆಗ್ಲಿಲ್ಲ. ಕೂಟದಲ್ಲಿ ಹೇಳಿದ ಮಾತು ಕೂಟದಲ್ಲೇ ಇತ್ಯರ್ಥ ಆಗ್ಬೇಕು. ನಮ್ಮಲ್ಲಿ ಮೊದಲಿಂದ ಹಾಗೇ ಅಲ್ವಾ? ಅರ್ಥಧಾರಿ ತಪ್ಪಿದ್ರೆ ಎದುರಿನವ ಹಿಡೀಬೇಕು, ಇಲ್ಲ ತಾನೇ ತಿದ್ದಬೇಕು. ಕೂಟ ಮುಗಿಸಿ ಮನೆಗೆ ಬಂದು ಕಾಗದ ಬರೆಯುವ ಪದ್ಧತಿ ಎಲ್ಲಿಯೂ ಇಲ್ಲ.”

ತುಸು ಹೊತ್ತಿನ ಮೇಲೆ ಅವಳೇ, ಗಂಡನಿಗೆ ಮಾತ್ರ ಕೇಳುವಷ್ಟು ತಗ್ಗಿಸಿ ಹೇಳಿದಳು: “ಆ ಅಳು ಎಲ್ಲಿಂದ ಬಂತು ಅಂತ ನನಗೆ ಗೊತ್ತುಂಟು.”

ಪುಂಡಲೀಕರಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ಅನ್ವಿತ್ ಹುಟ್ಟಿದ್ದು ಕುಂದಾಪುರದಲ್ಲಿ, ಜಯಂತಿಯ ತವರಿನಲ್ಲಿ. ಇವರು ಆಗ ಹೊಸದಾಗಿ ಬಂದ ಕೆಲಸದಲ್ಲಿ, ವೀಸಾದ ಗೊಂದಲದಲ್ಲಿ ಇಲ್ಲೇ ಸಿಕ್ಕಿಕೊಂಡಿದ್ದರು. ಕಾಲಿಂಗ್ ಕಾರ್ಡಿನ ನಂಬರು ಒತ್ತಿ ಒತ್ತಿ ಕೊನೆಗೂ ಲೈನು ಸಿಕ್ಕಾಗ ಅತ್ತೆ ರಿಸೀವರನ್ನು ಮಗುವಿನ ಬಾಯಿಗೆ ಹಿಡಿದಿದ್ದರು. ಅಳು ಕೇಳಿಸಿತು. ಆಮೇಲೆ ಲೈನು ಹೋಯಿತು. ಮಗ ಕೈಗೆ ಬಂದದ್ದು ಹಲ್ಲು ಬಂದ ಮೇಲೆ.

ಆ ಸಂಜೆ ಕ್ಯಾರಿಯಲ್ಲಿ ಮಗನ ಮನೆ. ಅನ್ವಿತ್ ಬಾಗಿಲು ತೆರೆದು, “ಬನ್ನಿ ಪಪ್ಪ, ಕೀ ನೋಟ್ ಸ್ಪೀಕರ್,” ಎಂದು ಚೀಲ ಇಸಿದುಕೊಂಡ. ಪುಂಡಲೀಕರು ಅವನ ಮುಖವನ್ನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಅವನು “ಏನು, ಗಡ್ಡ ಚೆನ್ನಾಗಿಲ್ವಾ?” ಎಂದು ಕೆನ್ನೆ ಸವರಿಕೊಂಡ.

ಮಾರನೆಯ ದಿನ ವಿಲ್ಲೋ ಫೋರ್ಕಿನ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸಮಾರಂಭ. ಎದುರಿಗೇ ತಿರುವು, ತಿರುವಿನ ಅಂಚಿನಲ್ಲಿ ಹೊಸದಾಗಿ ನೆಟ್ಟ ಬರೀ ಕಂಬ, ಅದರಾಚೆ ಟೀಶರ್ಟಿನ ಪೆಟ್ರೋಲ್ ಬಂಕು. ಒಳಗೆ ಊರಿನವರು, ಎರಡು ಸಂಘದವರು, ಕ್ಯಾರಿಯಿಂದ ಬಂದ ಕನ್ನಡದವರು. ಮೇಜಿನ ಮೇಲೆ ಕಡಲೆಕಾಯಿಯ ಬುಟ್ಟಿ, ಸಿಹಿ ಚಹಾದ ಜಾಡಿ. ಮಿಸ್ ಹೋಲ್ಟ್ ನೀಲಿ ಕೋಟು ಹಾಕಿ, ಓದಬೇಕಾದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ಮುಂದೆ ಕೂತಿದ್ದರು.

ಪದ್ಯ ಆಯಿತು. ಕಮಿಷನರು ಅದೇ ಪ್ರಶ್ನೆಯನ್ನು ಅದೇ ಕತ್ತೆಯ ಲಾಳದ ಸಮೇತ ಕೇಳಿದರು. ಊರಿನವರು ಬಾಯಿವಾಸನೆಯ ಮಾತಿಗೆ ಎಲಿಕಾಟ್ ಸಿಟಿಯವರಿಗಿಂತ ಜೋರಾಗಿ ನಕ್ಕರು; ಅವರಿಗೆ ಅದರ ಮೇಲೆ ಹೆಚ್ಚಿನ ಹಕ್ಕಿತ್ತು. ಪುಂಡಲೀಕರು ಲೋಟ ಎತ್ತಿದರು.

ಸಭೆಯ ಕಣ್ಣು ತನ್ನ ಮೇಲಿಲ್ಲ ಎಂದು ಅವರಿಗೆ ಆಗ ತೋರಿತು. ಎಲ್ಲರೂ ಪರದೆ ನೋಡುತ್ತಿದ್ದರು. ಅಶ್ವಿತಾ ಏಪ್ರಿಲಿನ ಅನುವಾದವನ್ನೇ ಸ್ಲೈಡು ಮಾಡಿಟ್ಟುಕೊಂಡು ಬಂದಿದ್ದಳು, ಕೈ ಮುಂದೆ ಓಡಿತ್ತು. ‘ಪ್ರಭೂ, ಅಲ್ಲಿ ಒಂದು ಗುಡಿಸಲಿತ್ತು. ಆಗತಾನೇ ಹುಟ್ಟಿದ ಮಗುವಿನ ಅಳು ಕೇಳಿಸಿತು.’ ಅವರು ಇನ್ನೂ ಬಾಯಿ ತೆರೆದಿರಲಿಲ್ಲ, ಮಾತು ಆಗಲೇ ಅಲ್ಲಿ ನಿಂತಿತ್ತು. ಎರಡನೆಯ ಸಾಲಿನಲ್ಲಿ ಒಬ್ಬಳು ಕರವಸ್ತ್ರ ತೆಗೆದಿದ್ದಳು. ಬರೆದಿಟ್ಟಿದ್ದರಿಂದ ಅದು ನಡೆದೇ ಹೋಗಿತ್ತು.

ಪುಂಡಲೀಕರು ಲೋಟ ಇಟ್ಟರು. ಪರದೆಯನ್ನು ಓದಿದರು. ಇಂಗ್ಲಿಷಿನಲ್ಲೂ ಅದು ಒಳ್ಳೆಯ ಮಾತೇ ಆಗಿತ್ತು.

“ಪ್ರಭೂ,” ಎಂದರು, “ಅಲ್ಲಿ ಬರೆದದ್ದು ನಾನು ಹೇಳಿದ್ದಲ್ಲ.”

ಅಶ್ವಿತಾ ಕತ್ತೆತ್ತಿ ನೋಡಿದಳು. ಕ್ಷಣ ಬಿಟ್ಟು, ಸ್ಲೈಡು ಮುಚ್ಚಿದಳು. ಬಿಳಿ ಪರದೆ. ಅವಳ ಬೆರಳು ಕಾದವು.

“ನಾನು ಸತ್ತು ಬಹುಕಾಲವಾಯಿತು. ಗೆರೆಯನ್ನು ಬಿಟ್ಟು ಹೋದೆ, ಕಾರಣವನ್ನು ಬಿಟ್ಟು ಹೋಗಲಿಲ್ಲ. ಕಾರಣವಿಲ್ಲದ ಗೆರೆ ಎಂದರೆ ಬೀಗವಿಲ್ಲದ ಮನೆ, ಪ್ರಭೂ. ಬಂದವರೆಲ್ಲ ಒಳಗೆ ತಮ್ಮ ತಮ್ಮ ಸಾಮಾನು ಇಟ್ಟರು. ಕುಡಿಯುವವರು ಬಂದು ಸೀಸೆ ಇಟ್ಟರು. ಓದಿದವರು ಬಂದು ಅದಿರು ಇಟ್ಟರು. ಕೊನೆಗೆ ಸಮುದ್ರದಾಚೆಯಿಂದ ಒಬ್ಬ ಬಂದ. ಶಲ್ಯ ಹೊದ್ದು, ಚಕ್ಕಳಮಕ್ಕಳ ಕೂತು, ನನ್ನ ಹೆಸರಿನಲ್ಲಿ ಮಾತಾಡಿದ. ಅವನು ಒಂದು ತೊಟ್ಟಿಲು ಇಟ್ಟ. ತೊಟ್ಟಿಲು ನಿಜ. ಅಳು ನಿಜ. ಅವನ ಮಗ ಹುಟ್ಟಿದಾಗ ಅವನು ದೂರದಲ್ಲಿದ್ದ. ಫೋನಿನ ತಂತಿಯಲ್ಲಿ ಕೇಳಿದ ಆ ಅಳು ಅವನ ಕಿವಿಯಲ್ಲಿ ಉಳಿದಿತ್ತು. ಎಲ್ಲಿ ಇಡಬೇಕೆಂದು ತಿಳಿಯದೆ ನನ್ನ ಮನೆಯಲ್ಲಿ ಇಟ್ಟ. ಸಾಮಾನು ಒಳ್ಳೆಯದೇ. ಆದರೆ ನನ್ನದಲ್ಲ.”

ಮದ್ದಳೆಯ ಮೇಲೆ ಅನ್ವಿತನ ಕೈ ಸುಮ್ಮನೆ ಮಲಗಿತ್ತು. ಪರದೆಯ ಮೇಲೆ ಸಾಲುಗಳು ನಿಧಾನವಾಗಿ ಬಂದವು; ಅಶ್ವಿತಾ ಒಂದು ಪದ ಬರೆದು, ಅಳಿಸಿ, ಇನ್ನೊಂದು ಬರೆದಳು.

ಈಗ ಕಮಿಷನರ ಸರದಿ. ಪ್ರಸಂಗದಲ್ಲಿ ಇಲ್ಲದ ಉತ್ತರ ಬಂದಾಗ ಎದುರಿನ ಅರ್ಥಧಾರಿ ಏನು ಮಾಡಬೇಕೆಂದು ಯಾವ ಪ್ರಸಂಗದಲ್ಲೂ ಬರೆದಿರುವುದಿಲ್ಲ. ವಲೇರಿಯನ್ನರು ಮೂಗಿನ ತುದಿ ಮುಟ್ಟಿಕೊಂಡರು.

“ಹಾಗಾದರೆ ಕೇಳುತ್ತೇನೆ ಕಪ್ತಾನ. ಗೆರೆ ಏಕೆ ಬಾಗಿತು?”

“ತಿಳಿಯದು ಪ್ರಭೂ.”

“ಕುಡಿದಿದ್ದೆಯಾ?”

“ಕುಡಿದಿರಬಹುದು. ಇಲ್ಲದೆಯೂ ಇರಬಹುದು.”

“ತಿಳಿಯದು ಎನ್ನುವವನನ್ನು ಕೆಲಸದಿಂದ ತೆಗೆಯಲೇಬೇಕಾಗುತ್ತದೆ.”

“ತೆಗೆಯಿರಿ. ಆದರೆ ನನ್ನ ಉಳಿದ ಗೆರೆಯ ಮೇಲೆ ನಿಮ್ಮ ಕೌಂಟಿಗಳು ಇಂದಿಗೂ ನಿಂತಿವೆ. ಅದನ್ನೂ ಒಂದು ಮಾತು ಹೇಳಿ.”

“ಹೇಳಿದೆ,” ಎಂದರು ಕಮಿಷನರು. “ಬಾಗಿದ್ದು ಅರ್ಧ ಮೈಲಿ. ನೆಟ್ಟಗಿದ್ದದ್ದು ಅದಕ್ಕಿಂತ ಬಹಳ ಹೆಚ್ಚು. ಇದನ್ನು ಈವರೆಗೆ ಯಾರೂ ಲೆಕ್ಕ ಹಾಕಲಿಲ್ಲ ಎಂಬುದೂ ಸಭೆಯ ಗಮನಕ್ಕೆ ಬಂದಿದೆ. ಇನ್ನು ಹೋಗು.”

ಜಯಂತಿ ಕಾಯಲಿಲ್ಲ, ಮಂಗಳ ಎತ್ತಿಕೊಂಡಳು. ಜಾಗಟೆ ಒಂದು ಪೆಟ್ಟೂ ತಪ್ಪಲಿಲ್ಲ.

ಚಪ್ಪಾಳೆ ಬಿತ್ತು, ಹೇಗೆ ತಟ್ಟಬೇಕೆಂದು ತಿಳಿಯದವರ ಚಪ್ಪಾಳೆ. ಮಿಸ್ ಹೋಲ್ಟ್ ಎದ್ದು ಮೈಕಿನ ಹತ್ತಿರ ಹೋದರು. ಮಡಿಕೆ ಬಿಚ್ಚಿ ಓದತೊಡಗಿದರು: ಈಬನೇಜರ್ ಹೋಲ್ಟ್, ಸೇನೆಯ ಭೂಮಾಪಕ, ಹುಟ್ಟಿದ್ದು, ದುಡಿದದ್ದು, ಸತ್ತದ್ದು. ‘ಈ ಗೆರೆಯನ್ನು ಎಳೆದವನು’ ಎಂಬಲ್ಲಿಗೆ ಬಂದು ನಿಂತರು. ಮುಂದಿನ ಸಾಲನ್ನು ಕಣ್ಣಿನಲ್ಲೇ ಓದಿದರು. ಹುಬ್ಬು ಏರಿ, ಇಳಿಯಿತು. “ಇಲ್ಲಿ ಅದು ಬಾಗುತ್ತದೆ,” ಎಂದು ತಾವೇ ಒಂದು ವಾಕ್ಯ ಸೇರಿಸಿ, ಕಾಗದ ಮಡಿಸಿ ಕೋಟಿನ ಜೇಬಿಗೆ ಇಟ್ಟುಕೊಂಡರು. ಊರಿನ ಸಂಘದವನೊಬ್ಬ ಮುಂದೆ ಬಾಗಿ ಕೇಳಿದ: “ಎರಕಕ್ಕೆ ಇಷ್ಟೇ ಕಳಿಸುವುದೇ?” “ಇಷ್ಟೇ,” ಎಂದರು ಅವರು. “ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಹಿಡಿಯುತ್ತಾರಲ್ಲ.”

ಹೊರಗೆ ಬಿಸಿಲು ಹದವಾಗಿತ್ತು. ಪುಂಡಲೀಕರು ಬರೀ ಕಂಬದ ಹತ್ತಿರ, ಶಿಕ್ಷೆಗೆ ಕಾದ ಹುಡುಗನ ಹಾಗೆ ನಿಂತಿದ್ದರು. ಮಿಸ್ ಹೋಲ್ಟ್ ಕೋಲೂರಿಕೊಂಡು ಬಂದರು. ಇಬ್ಬರೂ ಸ್ವಲ್ಪ ಹೊತ್ತು ತಿರುವನ್ನು ನೋಡಿದರು. ಅಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಪಿಕಪ್ ಟ್ರಕ್ಕೊಂದು ಬಂತು, ವೇಗ ತಗ್ಗಿಸಿತು, ಬಾಗಿತು, ಹೋಯಿತು.

“ಅಂದರೆ ಅವನು ಕುಡಿದಿದ್ದಿರಬಹು​ದು,” ಎಂದರು ಮಿಸ್ ಹೋಲ್ಟ್.

“ಇರಬಹುದು. ಕ್ಷಮಿಸಿ. ಮೇ ತಿಂಗಳಲ್ಲೇ ನೆಟ್ಟಗೆ ಹೇಳಬೇಕಿತ್ತು.”

“ನೀವು ಈಮೇಲ್ ಬರೆದಿದ್ದಿರಿ. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸೂ ಅಷ್ಟಿರಲಿಲ್ಲ ಅನ್ನಿ.” ಅವರು ಕೋಲಿನಿಂದ ನೆಲ ಕೆದಕಿದರು. “ನಿಮ್ಮ ಮಗ ಯಾವನು? ಡೋಲು ಬಾರಿಸಿದವನೇ?”

“ಹೌದು.”

“ಅವನಿಗೆ ಈ ವಿಷಯ ಗೊತ್ತಿತ್ತೇ?”

“ಇವತ್ತು ಗೊತ್ತಾಯಿತು.”

ಮಿಸ್ ಹೋಲ್ಟ್ ತಲೆಯಾಡಿಸಿದರು. ಆಮೇಲೆ ತಮ್ಮಷ್ಟಕ್ಕೇ ಎಂಬಂತೆ, ಆದರೆ ಲೈಬ್ರರಿಯವರ ಸ್ಪಷ್ಟ ದನಿಯಲ್ಲಿ ಹೇಳಿದರು: “ಕುಡಿದವನಿಗೂ ಮಗು ಅತ್ತದ್ದು ಕೇಳಿಸುತ್ತದೆ.”

ಪುಂಡಲೀಕರು ಹೆಗಲಿನ ಶಲ್ಯ ತೆಗೆದು ಮಡಿಸಿದರು. ಆ ಮಾತಿಗೆ ಎದುರು ಅರ್ಥ ಇರಲಿಲ್ಲ.

ಕಾರು ಹೊರಟಾಗ ವಲೇರಿಯನ್ ಕನ್ನಡಿ ಸರಿಮಾಡಿಕೊಂಡರು. “ಇಷ್ಟು ವರ್ಷದಲ್ಲಿ ನಿಮ್ಮನ್ನು ಸೋಲಿಸಿದ್ದು ಇವತ್ತೇ ಪುಂಡಲೀಕಣ್ಣ. ಅದೂ ನೀವೇ ಬಿಟ್ಟುಕೊಟ್ಟದ್ದು. ನನಗೆ ಅದರಲ್ಲಿ ಎಂತ ಸುಖ?”

“ಸೋತದ್ದು ನಿಮ್ಮ ಹತ್ತಿರ ಅಲ್ಲ ಡಾಕ್ಟ್ರೇ,” ಎಂದಳು ಜಯಂತಿ. “ಅಜ್ಜಿ ಹತ್ತಿರ. ಎಂತ ಹೇಳಿದ್ರು ಅಂತ ಕೇಳಿ. ಅವರನ್ನು ಮುಂದಿನ ಸಲ ಅರ್ಥಕ್ಕೆ ಕೂರಿಸ್ಬೇಕು.”

ಕ್ಯಾರಿಯವರೆಗೆ ಅನ್ವಿತ್ ತನ್ನ ಕಾರಿನಲ್ಲಿ ಮುಂದೆ ಹೋಗುತ್ತಿದ್ದ. ಒಂದು ಸಿಗ್ನಲಿನಲ್ಲಿ ಎರಡೂ ಕಾರು ಪಕ್ಕಪಕ್ಕ ನಿಂತವು. ಅವನು ಗಾಜು ಇಳಿಸಿ, “ಪಪ್ಪ, ಐ ಕ್ರೈಡ್ ಆನ್ ದ ಫೋನ್? ನನಗೆ ಯಾಕೆ ಹೇಳಿಲ್ಲ?” ಎಂದು ಕೂಗಿದ.

ಪುಂಡಲೀಕರೂ ಗಾಜು ಇಳಿಸಿದರು. ಹೇಳಲಿಕ್ಕೆ ಬಹಳ ಇತ್ತು. ಅಷ್ಟರಲ್ಲಿ ದೀಪ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ.

“ಮನೆಗೆ ನಡಿ,” ಎಂದರು. “ಹೇಳ್ತೇನೆ. ನಡುವೆ ಬಾಯಿ ಹಾಕ್ಬಾರದು.”